ಕಪಾಳಕ್ಕೊಂದು ಇಡಿಯಮ್ಮು

ಆಗೆಲ್ಲ ನಮ್ಮ ಕಡೆ ಹೊಡೆಯುವುದಕ್ಕೆ ಕಾರಣ ಬೇಕಿರಲಿಲ್ಲ, ಕೈ ಖಾಲಿ ಇದ್ದರೆ ಸಾಕಿತ್ತು. ಬೈಲಹೊಂಗಲದಿಂದ ನೇಸರಗಿ ಬಸ್ಸು ಹಿಡಿದು, ನಡುವೆ ಇಳಿದು, ಎರೆಮಣ್ಣಿನ ದಾರಿಯಲ್ಲಿ ಒಂದಿಷ್ಟು ನಡೆದರೆ ನಮ್ಮೂರು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಊರಿಗೆ ಹೈಸ್ಕೂಲು ಬಂದಿತ್ತು, ಗೌಡರ ಮನೆಗೆ ಬಣ್ಣದ ಟಿವಿ ಬಂದಿತ್ತು, ಮಂದಿಯ ಕೈ ಮಾತ್ರ ಹಳೆಯದೇ ಇತ್ತು. ಬದುವಿನ ಜಗಳಕ್ಕೆ ಕೊಡಲಿ ಹೊರಬೀಳುತ್ತಿತ್ತು, ನೀರಿನ ಜಗಳಕ್ಕೆ ಸಲಿಕೆ. ಗರಡಿಮನೆಯಲ್ಲಿ ಉಸ್ತಾದ ಹುಡುಗರ ತೊಡೆಗೆ ಬಾರಿಸಿ ಬಾರಿಸಿ ಗಟ್ಟಿ ಮಾಡುತ್ತಿದ್ದ. ನಮ್ಮಪ್ಪ ಎತ್ತಿಗೆ ಹೊಡೆಯುತ್ತಿದ್ದ, ಎತ್ತು ಸಿಗದಿದ್ದರೆ ನಮಗೆ. ನಾವು ಹುಡುಗರು ಆಡುತ್ತಿದ್ದ ಆಟದಲ್ಲೂ ಸೋತವನು ಬಗ್ಗಿ ನಿಲ್ಲಬೇಕು, ಗೆದ್ದವರೆಲ್ಲ ಸಾಲಾಗಿ ಬಂದು ಬೆನ್ನಿಗೆ ಗುದ್ದಬೇಕು. ಅದನ್ನು ಆಟ ಎಂದೇ ಕರೆಯುತ್ತಿದ್ದೆವು.

ಅವ್ವ ಮಾತ್ರ ಯಾರಿಗೂ ಹೊಡೆದವಳಲ್ಲ. ಅದು ಅವಳ ದೊಡ್ಡ ಗುಣ ಎಂದು ನಮಗೆ ಆಗ ಅನಿಸಿರಲಿಲ್ಲ. ಹೊಡೆಸಿಕೊಳ್ಳುವವರ ಸಾಲಿನಲ್ಲಿ ಅವಳೂ ಇದ್ದಳು, ಅಷ್ಟೇ.

ಮಕ್ಕಳನ್ನು ಶಾಲೆಗೆ ಹಚ್ಚುವಾಗ ನಮ್ಮೂರ ಅಪ್ಪಂದಿರೆಲ್ಲ ಮಾಸ್ತರರ ಮುಂದೆ ಕೈ ಮುಗಿದು ಹೇಳುತ್ತಿದ್ದ ಮಾತು ಒಂದೇ. "ಸರ್ರ, ಕಣ್ಣೆರಡ ಬಿಟ್ಟ ಎಲ್ಲಿ ಬೇಕಾದಲ್ಲಿ ಬಡೀರಿ. ನಾವ ಕೇಳಾಕ ಬರಂಗಿಲ್ಲ." ನಮ್ಮಪ್ಪ ನನ್ನನ್ನೂ ಅಣ್ಣ ಈರಪ್ಪನನ್ನೂ ಹೀಗೆ ಹೇಳಿಯೇ ಒಪ್ಪಿಸಿ ಬಂದಿದ್ದ. ಅಣ್ಣ ಒಂಬತ್ತರಲ್ಲಿ ಒಂದು ಸಲ ಡುಮ್ಕಿ ಹೊಡೆದು ನನ್ನ ಕ್ಲಾಸಿಗೇ ಬಂದು ಕೂತಿದ್ದ. ಹೀಗಾಗಿ ಒಂದೇ ಮನೆಯ ಇಬ್ಬರು, ಒಂದೇ ಖೋಲಿಯಲ್ಲಿ, ಗಂಡುಹುಡುಗರ ಸಾಲಿನ ಕೊನೆಗೆ ಅವನು, ಹೆಣ್ಣುಹುಡುಗಿಯರ ಸಾಲಿನ ಮುಂದೆ ನಾನು.

ಇಂಗ್ಲಿಷ್ ಕಲಿಸುತ್ತಿದ್ದವರಿಗೆ ನಾವಿಟ್ಟ ಹೆಸರು ಛಡಿ ಸರ್. ರಾಮದುರ್ಗದ ಕಡೆಯವರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹತ್ತಿರ ಬಂದರೆ ಅವರು ಮೂಗಿಗೇರಿಸುವ ತಪಕೀರಿನ ಘಾಟು ನಮ್ಮ ಮೂಗಿಗೂ ಏರಿ ಸೀನು ಬರುತ್ತಿತ್ತು. ಸೀನಿದರೂ ಏಟು. ಛಡಿಯನ್ನು ನಮ್ಮ ಕೈಯಿಂದಲೇ ಶಾಲೆಯ ಹಿಂದಿನ ಹುಣಸೆ ಗಿಡದಿಂದ ಕಡಿಸಿ ತರಿಸುತ್ತಿದ್ದರು. ಅಂಗೈಗೆ ಬೆಳ್ಳುಳ್ಳಿ ತಿಕ್ಕಿಕೊಂಡರೆ ನೋವಾಗುವುದಿಲ್ಲ, ಒಂದು ಕೂದಲೆಳೆ ಇಟ್ಟುಕೊಂಡರೆ ಛಡಿ ಸೀಳಿ ಹೋಗುತ್ತದೆ ಎಂದು ನಾವು ನಂಬಿದ್ದೆವು. ಇಡೀ ಕ್ಲಾಸು ಬೆಳ್ಳುಳ್ಳಿ ನಾರುತ್ತಿತ್ತು, ಛಡಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಅದನ್ನು ನಮಗೆ ದಾಟಿಸುವ ಹಂಬಲವೂ ಇತ್ತು. ಉಳಿದ ಮಾಸ್ತರರು ಗೈಡು ನೋಡಿ ಬರೆಸಿ ಕೈ ತೊಳೆದುಕೊಳ್ಳುತ್ತಿದ್ದಾಗ ಇವರು ಪುಸ್ತಕದಲ್ಲಿ ಇಲ್ಲದ್ದನ್ನೂ ಕಲಿಸುತ್ತಿದ್ದರು.

ಶನಿವಾರ ಮುಂಜಾನೆ ಶಾಲೆ. ಕವಾಯತು ಮುಗಿಸಿ ಧೂಳುಗಾಲಲ್ಲಿ ಒಳಗೆ ಬಂದರೆ ಮೊದಲ ತಾಸೇ ಇಡಿಯಮ್ಸು. ಇದ್ದಲು ಮತ್ತು ಎಲೆಯ ರಸ ತಿಕ್ಕಿ ಹಸಿ ಕಪ್ಪು ಮಾಡಿದ ಹಲಗೆಯ ತುಂಬ ಸರ್ ಮುಂದಿನ ವಾರದ ಇಡಿಯಮ್ಮುಗಳನ್ನು ಬರೆದು ಅರ್ಥ ಹೇಳುತ್ತಿದ್ದರು, ಆಮೇಲೆ ಹಿಂದಿನ ವಾರದ್ದನ್ನು ಕೇಳುತ್ತಿದ್ದರು.

"ಇಡಿಯಮ್ ಅಂದ್ರ ಇಂಗ್ಲಿಷ್ ಮಂದಿ ಮನ್ಯಾಗ ಆಡೂ ಮಾತು," ಎಂದು ಮೊದಲ ದಿನ ಹೇಳಿದ್ದರು. "ನಾವು 'ಅಂವಾ ಕೈ ಕೊಟ್ಟ' ಅಂತೇವಿ. ಅಂದ್ರ ಕೈ ಕಡದ ಕೊಟ್ಟ ಅಂತೇನಲೇ? ಮೋಸಾ ಮಾಡಿದ ಅಂತ. ಹಾಂಗ ಇದು. ಬರೇ ಅರ್ಥ ಹೇಳಿದ್ರ ಬಿಡಂಗಿಲ್ಲ. ನಿಮ್ಮ ಊರಿನ ಸುದ್ದಿ ಇಟಗೊಂಡ ಒಂದ ವಾಕ್ಯಾ ಮಾಡಿ ಹೇಳಬೇಕು."

ಅರ್ಥವೂ ವಾಕ್ಯವೂ ಬಾರದವರು ಎದ್ದು ನಿಲ್ಲಬೇಕು. ಒಬ್ಬರಾದ ಮೇಲೆ ಒಬ್ಬರು ನಿಲ್ಲುತ್ತ ಹೋಗಿ ಕೊನೆಗೆ ಯಾರಾದರೂ ಸರಿಯಾಗಿ ಹೇಳಿದರೆ, ಅವರು ನಿಂತವರೆಲ್ಲರ ಕಪಾಳಕ್ಕೆ ಹೊಡೆಯಬೇಕು. ಅದಕ್ಕೂ ಒಂದು ರೀತಿ ಇತ್ತು. ಎಡಗೈಯಿಂದ ಎದುರಿನವರ ಮೂಗು ಹಿಡಿಯಬೇಕು, ಬಲಗೈಯಿಂದ ಬಾರಿಸಬೇಕು. ಮೂಗು ಹಿಡಿದರೆ ಮುಖ ತಪ್ಪಿಸಿಕೊಳ್ಳಲು ಬರುವುದಿಲ್ಲ. ಮೆಲ್ಲಗೆ ಹೊಡೆದರೆ ಸರ್ ಎದ್ದು ಬಂದು, ಹೊಡೆಯುವುದು ಹೇಗೆಂದು ಹೊಡೆಯುವವರ ಮೈಮೇಲೆಯೇ ತೋರಿಸುತ್ತಿದ್ದರು. ಇದು ನಮ್ಮ ಸರ್ ಒಬ್ಬರೇ ಹುಡುಕಿದ್ದಲ್ಲ, ಆಗ ಸುತ್ತಮುತ್ತ ಸುಮಾರು ಶಾಲೆಗಳಲ್ಲಿ ನಡೆಯುತ್ತಿತ್ತು. ಓದುವ ನೀವು ನಮ್ಮ ಕಡೆಯವರಾಗಿದ್ದರೆ ಈಗಲೇ ಮೂಗು ಮುಟ್ಟಿ ನೋಡಿಕೊಂಡಿರುತ್ತೀರಿ.

ನನಗೆ ಇಡಿಯಮ್ಮುಗಳ ಹುಚ್ಚು ಹಿಡಿಯಿತು. ದನ ಮೇಯಿಸುವಾಗ, ಮುಸುರೆ ತಿಕ್ಕುವಾಗ ಬಾಯಲ್ಲಿ ಅದೇ. ಕ್ಲಾಸಿನಲ್ಲಿ ಉತ್ತರ ಹೇಳುವವಳು ಹೆಚ್ಚಾಗಿ ನಾನೇ ಆದೆ, ಹೊಡೆಯುವವಳೂ ನಾನೇ. ಗೌಡರ ಮಗನ ಮೂಗು ಹಿಡಿದು ಬಾರಿಸುವಾಗ ನನಗೆ ಬಹಳ ಖುಷಿಯಾಗುತ್ತಿತ್ತು. ಸಾಲಿನ ಕೊನೆಗೆ ಅಣ್ಣ ನಿಂತಿರುತ್ತಿದ್ದ. ಮುಂಜಾನೆ ಗರಡಿಯಲ್ಲಿ ಹೊರಳಾಡಿದ ಕೆಂಪು ಮಣ್ಣು ಅವನ ಕಿವಿಯ ಹಿಂದೆ ಇನ್ನೂ ಅಂಟಿರುತ್ತಿತ್ತು. ಅವನ ಮೂಗು ಹಿಡಿಯಲು ನಾನು ತುದಿಗಾಲಲ್ಲಿ ನಿಲ್ಲಬೇಕು. ಮೊದಲ ಸಲ ಅವನೇ ಸ್ವಲ್ಪ ಬಗ್ಗಿದ. "ಜೋರ ಹೊಡಿ ಪಾರಿ," ಎಂದು ಹಲ್ಲಿನ ನಡುವೆ ಪಿಸುಗುಟ್ಟಿದ. "ಇಲ್ಲಂದ್ರ ನಿನಗ ಬೀಳತಾವು."

ಹೊಡೆದೆ. ಮನೆಗೆ ಹೋಗುವ ದಾರಿಯಲ್ಲಿ ಅವನು ಕೆನ್ನೆ ಸವರಿಕೊಂಡು ನಗುತ್ತಿದ್ದ. "ಉಸ್ತಾದನ ಕೈಗಿಂತ ನಿನ್ನ ಕೈನ ಚಲೋ ಐತಿ ಬಿಡ." ಹಾಗೆ ಎಷ್ಟೋ ಶನಿವಾರಗಳು ಹೋದವು. ನಮ್ಮಿಬ್ಬರ ನಡುವೆ ಅದೊಂದು ದೊಡ್ಡ ವಿಷಯ ಆಗಿರಲೇ ಇಲ್ಲ.

ವಿಷಯ ಆದದ್ದು ಚಹಾದ ಹೊಟೆಲಿನಲ್ಲಿ. ಶ್ರಾವಣ ಮುಗಿದಿತ್ತು, ಶೇಂಗಾ ಬಲಿಯುತ್ತಿತ್ತು. ಅಪ್ಪ ಚಹಾ ಕುಡಿಯಲು ಹೋದಾಗ ಗರಡಿಮನೆಯ ಒಬ್ಬ ಎಲ್ಲರ ಮುಂದೆ ಕೇಳಿದನಂತೆ, "ಏನ ಕಾಕಾ, ನಿನ್ನ ಪೈಲ್ವಾನನ ಮೂಗ ಹಿಡದ ನಿನ್ನ ಮಗಳ ಬಾರಸ್ತಾಳಂತಲ್ಲ! ಮುಂದಿನ ಕುಸ್ತಿಗಿ ಅಕೀನ್ನ ಇಳಸು." ಇಡೀ ಹೊಟೆಲು ನಕ್ಕಿತಂತೆ. ಅಪ್ಪ ಹಿಂದೆ ತಾನೂ ಕಣದಲ್ಲಿ ತೊಡೆ ತಟ್ಟಿದವನು. ಮಗ ದೊಡ್ಡ ಪೈಲ್ವಾನನಾಗುತ್ತಾನೆಂದು ದಿನಾ ಬಾದಾಮಿ ಅರೆಸಿ ಹಾಲಿಗೆ ಹಾಕಿ ಕುಡಿಸುತ್ತಿದ್ದವನು. ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದ.

ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಗೂಟಕ್ಕೆ ನೇತುಹಾಕಿದ್ದ ಬಾರುಕೋಲು ತೆಗೆದುಕೊಂಡದ್ದು ಕಂಡಿತು. ಎತ್ತಿಗಿರಬೇಕು ಅಂದುಕೊಂಡೆ. ಮೊದಲ ಏಟು ಬೆನ್ನಿಗೆ ಬಿದ್ದಾಗ ಕೈಯಲ್ಲಿದ್ದ ಮೊರ ಹಾರಿ ಜೋಳವೆಲ್ಲ ಚೆಲ್ಲಿತು. ಯಾಕೆಂದು ಗೊತ್ತಾಗುವುದರೊಳಗೆ ಮತ್ತೆ ಮತ್ತೆ ಬಿದ್ದವು. ನಡುವೆ ಬಂದ ಅವ್ವನ ತೋಳಿಗೂ ಒಂದು ಸುತ್ತಿಕೊಂಡಿತು.

"ಅಣ್ಣನ ಮ್ಯಾಲ ಕೈ ಎತ್ತತೀಯೇನ? ಊರ ಮಂದಿ ಮುಂದ ನನ್ನ ಮಾರಿ ಇಲ್ಲದಾಂಗ ಮಾಡಿದಿ! ಇವತ್ತಿಗಿ ನಿನ್ನ ಸಾಲಿ ಮುಗೀತು. ಉಗರಗೋಳದಾಗ ಅಕ್ಕ ಕೇಳಾಕ ಹತ್ತ್ಯಾಳ. ಅಕ್ಕಿಕಾಳ ಹಾಕಿ ಕಳಿಸಿಬಿಡತೇನಿ."

ಉಗರಗೋಳದ ಸೋದರತ್ತೆಗೆ ದೇವಿಯ ಗುಡ್ಡಕ್ಕೆ ಹೋಗುವವರಿಗಾಗಿ ಕುಂಕುಮ, ಭಂಡಾರ, ಬಳೆ ಮಾರುವ ಅಂಗಡಿ ಇತ್ತು. ಅವಳ ಮಗನಿಗೆ ಮೀಸೆ ಬಂದು ಬಹಳ ದಿನವಾಗಿತ್ತು. ನನಗಿನ್ನೂ ಹದಿನೈದು ತುಂಬಿರಲಿಲ್ಲ. ನನ್ನ ವಾರಿಗೆಯ ಗೆಳತಿಯರಲ್ಲಿ ಕೆಲವರು ಆಗಲೇ ತಾಳಿ ಕಟ್ಟಿಸಿಕೊಂಡು ಹೋಗಿದ್ದರು, ಹಾಗಾಗಿ ಇದು ಬರೀ ಬೆದರಿಕೆ ಎಂದು ನಾನು ಅಂದುಕೊಳ್ಳುವಂತಿರಲಿಲ್ಲ. ಅಪ್ಪ ಅಂದದ್ದನ್ನು ಮಾಡುವವನು. ಬೆನ್ನಿನ ಉರಿಗಿಂತ ಆ ಅಂಗಡಿಯಲ್ಲಿ ಅರಿಶಿನ ಮೆತ್ತಿಕೊಂಡು ಕೂತ ನನ್ನನ್ನು ನೆನೆದೇ ನಾನು ಹೆಚ್ಚು ಅತ್ತೆ.

ಅವ್ವ ಸಂಜೆ ಊಟಕ್ಕೆ ಬಡಿಸುವಾಗ, ತಲೆ ಎತ್ತದೆ, ಅಪ್ಪನಿಗೆ ಹೇಳಿದಳು. "ಅಕಿ ತಾನಾಗಿ ಹೊಡದಿಲ್ಲರಿ. ಅದು ಸಾಲ್ಯಾಗಿನ ರೀತಿ ಅಂತ. ಉತ್ತರ ಬಂದಾಂವ ಬರದಾಂವಗ ಹೊಡೀಬೇಕಂತ. ನಾಳಿ ಈರ್ಯಾಗ ಬಂದ್ರ ಅಂವನೂ ಅಕಿಗಿ ಹೊಡೀತಾನ."

ಅಪ್ಪನ ಕೈಯಲ್ಲಿ ತುತ್ತು ನಿಂತಿತು. ಅವನು ಯೋಚನೆ ಮಾಡುವುದು ನಮಗೆ ಕಾಣುತ್ತಿತ್ತು.

"ಹಾಂಗಂದ್ರ ಹೊಡೀಲಿ," ಅಂದ ಕೊನೆಗೆ. "ಅದ ಖೋಲ್ಯಾಗ, ಅದ ಹುಡುಗೂರ ಮುಂದ, ಹಾಂಗ ಮೂಗ ಹಿಡದ ಹೊಡೀಲಿ. ದೀಪಾವಳಿ ಸೂಟಿ ಬಿಡೂದರಾಗ ಆಗಬೇಕು. ಗಲ್ಲದ ಮ್ಯಾಲ ಐದೂ ಬಟ್ಟ ಮೂಡಿರಬೇಕು, ನಾ ನೋಡತೇನಿ. ಆತಂದ್ರ ಅಕಿ ಸಾಲಿಗಿ ಹೋಗಲಿ. ಇಲ್ಲಂದ್ರ ಉಗರಗೋಳ."

ಈಗ ಹೇಳಿದರೆ ನಗು ಬರಬಹುದು. ಮರ್ಯಾದೆ ಅನ್ನುವುದು ನಮ್ಮಲ್ಲಿ ಕಳೆದ ಜಾಗದಲ್ಲೇ ಮತ್ತೆ ಎತ್ತಿಕೊಳ್ಳಬೇಕಾದ ವಸ್ತು. ಎಲ್ಲಿ ಹೋಯಿತೋ ಅಲ್ಲೇ, ಅದೇ ಮಂದಿಯ ಎದುರೇ ವಾಪಸು ಬರಬೇಕು. ಅಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಾಗಾಗಿ ಆ ಸುಗ್ಗಿಯಲ್ಲಿ ನಾನು ಅಣ್ಣನಿಗೆ ಇಂಗ್ಲಿಷ್ ಕಲಿಸತೊಡಗಿದೆ, ಅವನು ನನಗೆ ಹೊಡೆಯಲಿ ಎಂದು.

ಶೇಂಗಾ ಕೀಳುವ ದಿನಗಳು. ಬಳ್ಳಿ ಜಗ್ಗಿದರೆ ಹಸಿ ಮಣ್ಣಿನ ಜೊತೆ ಕಾಯಿ ಗೊಂಚಲು ಗೊಂಚಲಾಗಿ ಮೇಲೆ ಬರುತ್ತಿತ್ತು. ಮಧ್ಯಾಹ್ನ ಒಣ ಕಸ ಗುಡ್ಡೆ ಹಾಕಿ ಬೆಂಕಿ ಹಚ್ಚಿ ಹಸಿ ಶೇಂಗಾ ಸುಡುತ್ತಿದ್ದೆವು. ಬಾಯಿ ಮೂತಿ ಎಲ್ಲ ಮಸಿ. ಅಣ್ಣನಿಗೆ ಬರೆದದ್ದು ತಲೆಗೆ ಹತ್ತುತ್ತಿರಲಿಲ್ಲ, ಬಾಯಿಪಾಠವೂ ನಿಲ್ಲುತ್ತಿರಲಿಲ್ಲ. ಮೊದಲೆರಡು ದಿನ ನಾನೇ ಸಿಟ್ಟಿಗೆದ್ದು ಅವನ ತಲೆಗೆ ಶೇಂಗಾ ಬಳ್ಳಿಯಿಂದ ಹೊಡೆದೆ. ಆಮೇಲೆ ಅವನೇ ಒಂದು ದಾರಿ ಹುಡುಕಿದ.

"ಅರ್ಥ ಇರಲಿ ಪಾರಿ. ಇದನ್ನ ಯಾರಿಗಿ ಅನಬೇಕು, ಅದನ್ನ ಹೇಳ."

"ಅಂದ್ರ?"

"ಬೈಗಳಾ ಹೆಂಗ ಕಲತ್ವಿ ನಾವು? ಯಾರರ ಯಾರಿಗ್ಯರ ಅಂದದ್ದ ಕೇಳಿ ಕಲತ್ವಿ. ಹಾಂಗ."

ಕ್ರೊಕೊಡೈಲ್ ಟಿಯರ್ಸ್ ಯಾರಿಗೆ? ಯಾರ ಮನೆಯಲ್ಲಿ ಸತ್ತರೂ ಎಲ್ಲರಿಗಿಂತ ಮೊದಲು ಹೋಗಿ ಎದೆ ಬಡಿದುಕೊಂಡು, ಆಮೇಲೆ ಸತ್ತವಳ ಸೀರೆ ಕೇಳುವ ಓಣಿಯ ಕಾಶವ್ವನಿಗೆ. ವೈಟ್ ಎಲಿಫಂಟ್? ಗೌಡರ ಅಂಗಳದಲ್ಲಿ ತುಕ್ಕು ಹಿಡಿದು ನಿಂತ, ದಿನಾ ತೊಳೆಸಿಕೊಳ್ಳುವ ಜೀಪಿಗೆ. ಟು ಆ್ಯಡ್ ಫ್ಯೂಯಲ್ ಟು ದಿ ಫೈರ್, ಹೊಟೆಲಿನಲ್ಲಿ ಅಪ್ಪನನ್ನು ಕೆಣಕಿದವನಿಗೆ. ಎ ಬೋಲ್ಟ್ ಫ್ರಾಮ್ ದಿ ಬ್ಲೂ ಅಂದರೆ ಹೇಳದೆ ಕೇಳದೆ ಸಿಡಿಲಿನ ಹಾಗೆ ಅಪ್ಪ ಹೊಲಕ್ಕೆ ಬರುವುದು. ದೂರದಲ್ಲಿ ಅವನ ರುಮಾಲು ಕಂಡ ಕೂಡಲೇ ಅಣ್ಣ "ಬೋಲ್ಟು, ಬೋಲ್ಟು!" ಎಂದು ಬೆಂಕಿ ತುಳಿದು ಆರಿಸುತ್ತಿದ್ದ. ಟು ಬರಿ ದಿ ಹ್ಯಾಚೆಟ್ಟಿಗೆ ಮಾತ್ರ ಊರೆಲ್ಲ ಹುಡುಕಿದರೂ ಜನ ಸಿಗಲಿಲ್ಲ. ಕೊಡಲಿ ಹುಗಿದು ರಾಜಿಯಾದವರು ನಮ್ಮೂರಿನಲ್ಲಿ ಒಬ್ಬರೂ ಇರಲಿಲ್ಲ.

"ಹುಗದ್ರ ನಾಳಿ ಕಟಗಿ ಹೆಂಗ ಕಡೀತಾರ?" ಎಂದು ಅವನು ನಿಜವಾಗಿಯೇ ಕೇಳಿದ.

ಟು ಟೇಕ್ ದಿ ಬುಲ್ ಬೈ ದಿ ಹಾರ್ನ್ಸ್ ಹೇಳಿಕೊಟ್ಟಾಗ, ಕಷ್ಟಕ್ಕೆ ಬೆನ್ನು ತೋರಿಸದೆ ಎದುರಾಎದುರೇ ಹಿಡಿಯುವುದು ಎಂದೆ. ಅವನು ಸುಲಿದ ಶೇಂಗಾ ಬಾಯಿಗೆ ಹಾಕಿಕೊಂಡ. ಆಮೇಲೆ, "ಇದನ್ನ ಯಾರಿಗೂ ಕೊಡೂದು ಬ್ಯಾಡ. ಇದು ನಂದು," ಅಂದ.

ಬುತ್ತಿ ತಂದ ಅವ್ವ ಬದುವಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಹಾವು, ತೋಳ, ಕೊಡಲಿ, ಬೆಂಕಿ, ಎತ್ತಿನ ಕೊಂಬು, ಎಲ್ಲದರ ಅರ್ಥ ಕೇಳಿ ಒಂದು ದಿನ ಅಂದಳು, "ಅಲ್ಲಬೇ, ಇಂಗ್ಲಿಷ್ ಮಂದೀನೂ ನಮ್ಮಾಂಗ ಬಡದಾಡೂ ಮಂದಿನ ಇದ್ದಾಂಗ ಕಾಣತೈತಿ." ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನನ್ನ ಇಡೀ ಓದಿನಲ್ಲಿ ಅಷ್ಟು ಸಂತೋಷದಿಂದ ಕಲಿತದ್ದು, ಕಲಿಸಿದ್ದು ಇನ್ನೊಂದಿಲ್ಲ.

ಸೂಟಿ ಬಿಡುವ ಮುಂಚಿನ ಕೊನೆಯ ಶನಿವಾರ ಬಂತು. ಅದಕ್ಕಿಂತ ಮುಂಚಿನ ಶನಿವಾರಗಳಲ್ಲಿ ಅಣ್ಣ ಎದ್ದು ನಿಂತಾಗೆಲ್ಲ ಕಲಿತದ್ದನ್ನು ಮರೆತು ಹೊಡೆತ ತಿಂದು ಕೂತಿದ್ದ. ನಾನು ಬಾಯಿ ಬಿಡದೆ ಅವನ ಜೊತೆಗೇ ತಿಂದಿದ್ದೆ. ಇನ್ನು ತಪ್ಪಿದರೆ ಉಗರಗೋಳವೇ.

ಸರ್ ಮೊದಲು ಕೇಳಿದ್ದೇ ಎತ್ತಿನ ಕೊಂಬಿನದು. ಅಂದು ಹೆಣ್ಣುಹುಡುಗಿಯರ ಸಾಲಿನಿಂದ ಶುರು. ನಾನು ಎದ್ದೆ, ತಲೆ ತಗ್ಗಿಸಿದೆ. ಬಾಯಲ್ಲಿ ಉತ್ತರ ತುಂಬಿಕೊಂಡು ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಸರ್ ನನ್ನನ್ನೇ ನೋಡಿದರು. "ಏನ ಪಾರ್ವತಿ, ನಿನಗ ಬರೂದಿಲ್ಲ? ತಲ್ಯಾಗ ಏನ ತುಂಬಿಕೊಂಡೀ ಇತ್ತಿತ್ತಲಾಗ?" ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತರು. ಗಂಡುಹುಡುಗರ ಸಾಲೂ ನಿಂತಿತು. ಕೊನೆಗೆ ಅಣ್ಣ.

"ಸರ್ರ, ಐ ಟುಕ್ ದಿ ಬುಲ್ ಬೈ ದಿ ಹಾರ್ನ್ಸ್ ಅಂಡ್ ಲರ್ನ್ಡ್ ಇಂಗ್ಲಿಷ್." ಅರ್ಥವನ್ನೂ ಹೇಳಿದ. ಬೆವರು ಇಳಿಯುತ್ತಿತ್ತು, ಆದರೆ ದನಿ ಗಟ್ಟಿಯಾಗಿತ್ತು.

ಛಡಿ ಸರ್ ಮುಖದ ಮೇಲೆ ನಾನು ಮೊದಲ ಬಾರಿಗೆ ನಗು ನೋಡಿದೆ. "ಶಾಬಾಸ್ ಮಗನ! ಹಿಂದಿನ ಬೆಂಚಿನಾಗಿಂದ ಬಂದೈತಿ ನೋಡ್ರಿ ಉತ್ತರ. ಬಾ, ಎಲ್ಲಾರಿಗೂ ಬಾರಿಸು."

ಅಣ್ಣ ಸಾಲು ಹಿಡಿದು ಬಂದ. ಗೌಡರ ಮಗನಿಗೆ ಬಿತ್ತು, ಅವನ ಹಲ್ಲು ಅಲ್ಲಾಡಿರಬೇಕು. ಉಳಿದವರಿಗೂ ಬಿದ್ದವು. ಹೆಣ್ಣುಹುಡುಗಿಯರಿಗೆ ತುಸು ಕಡಿಮೆ. ಹಾಗೇ ಬಂದು ನನ್ನ ಮುಂದೆ ನಿಂತ. ನಾನು ಕಣ್ಣು ಮುಚ್ಚಿದೆ. ಮೂಗು ಹಿಡಿದ. ಅವನ ಬೆರಳಿಗೆ ಸುಟ್ಟ ಶೇಂಗಾದ ವಾಸನೆ ಇತ್ತು. ಕೆನ್ನೆಗೆ ಕೈ ತಾಗಿತು. ತಾಗಿತು ಅಷ್ಟೇ, ನೊಣ ಓಡಿಸಿದ ಹಾಗೆ.

"ಈರಪ್ಪ," ಅಂದರು ಸರ್. "ತಂಗಿ ಅಂತ ಬಿಟ್ಟೇನ? ಅಕಿ ನಿನಗ ಬಿಟ್ಟಾಳೇನ? ಮತ್ತೊಮ್ಮಿ."

ಮತ್ತೊಮ್ಮೆ ಹಾಗೇ ಮುಟ್ಟಿದ. ಛಡಿ ಅವನ ಬೆನ್ನಿಗೆ ಬಿತ್ತು. "ಮತ್ತೊಮ್ಮಿ." ಮುಟ್ಟಿದ. ಛಡಿ ಬಿತ್ತು. "ಅಣ್ಣಾ, ಜೋರ ಹೊಡಿ," ಎಂದೆ ನಾನು, ಮೂಗು ಹಿಡಿದಿದ್ದರಿಂದ ದನಿ ವಿಕಾರವಾಗಿ ಬಂತು. ಯಾರೂ ನಗಲಿಲ್ಲ. ಅವನು ನನ್ನ ಕಣ್ಣು ನೋಡುತ್ತಿರಲಿಲ್ಲ, ನನ್ನ ಹಿಂದಿನ ಗೋಡೆ ನೋಡುತ್ತಿದ್ದ. ಸರ್ ಅನ್ನುತ್ತ ಹೋದರು, ಅವನು ಮುಟ್ಟುತ್ತ ಹೋದ, ಛಡಿ ಬೀಳುತ್ತ ಹೋಯಿತು. ಸರ್ ಕೂಡ ಎಲ್ಲಿ ನಿಲ್ಲಿಸಬೇಕೆಂದು ಮರೆತಿದ್ದರು ಅನಿಸುತ್ತದೆ. ಅವರ ತಲೆಗೂದಲು ಹಣೆಗೆ ಬಿದ್ದಿತ್ತು, ಬಾಯಿಂದ ಏದುಸಿರು ಬರುತ್ತಿತ್ತು. ಅಣ್ಣನ ಬಿಳಿ ಅಂಗಿಯ ಮೇಲೆ ಕೆಂಪು ಗೆರೆ ಒಂದೊಂದಾಗಿ ಮೂಡುವುದನ್ನು ಪಕ್ಕದ ಹುಡುಗಿ ನೋಡಲಾರದೆ ಅಳಲು ಶುರು ಮಾಡಿದಳು. ಕೊನೆಗೆ ಛಡಿ ಮುರಿದು ತುಂಡು ಹಾರಿ ಹಲಗೆಗೆ ಬಡಿಯಿತು. ಸರ್ ಕೈಯಲ್ಲಿ ಉಳಿದ ಮೋಟನ್ನು ನೋಡುತ್ತ ಕುರ್ಚಿಯಲ್ಲಿ ಕೂತರು. ಅಣ್ಣ ನನ್ನ ಮೂಗು ಬಿಟ್ಟ, ತನ್ನ ಜಾಗಕ್ಕೆ ಹೋಗಿ ಕೂತ.

ದಾರಿಯಲ್ಲಿ ಹಳ್ಳದ ನೀರಿನಲ್ಲಿ ಅಂಗಿ ತೊಳೆದೆವು. ಅದು ಬೆನ್ನಿಗೆ ಅಂಟಿಕೊಂಡಿತ್ತು, ನೀರು ಹಾಕಿ ಮೆಲ್ಲಗೆ ಬಿಡಿಸಬೇಕಾಯಿತು. ನಾನು ಅಳುತ್ತಲೇ ಹೇಳಿದೆ.

"ಈಗರ ಹೊಡಿ ಅಣ್ಣಾ. ಇಲ್ಲಿ ಯಾರೂ ಇಲ್ಲ. ಅಪ್ಪ ಗಲ್ಲ ನೋಡತಾನ."

"ನನ್ನ ಕೈಲೆ ಆಗಂಗಿಲ್ಲ ಪಾರಿ. ಆಗಿದ್ರ ಅಲ್ಲೇ ಆಗತಿತ್ತು."

"ಹಂಗಾರ ನನ್ನ ಉಗರಗೋಳಕ್ಕ ಕಳಸ್ತಾನ."

ಅವನು ಕೈ ಎತ್ತಿದ, ನಿಜವಾಗಿಯೂ ಎತ್ತಿದ. ಅದು ಗಾಳಿಯಲ್ಲಿ ಹಾಗೇ ನಿಂತಿತ್ತು. ಆಮೇಲೆ ಆ ಕೈಯಿಂದಲೇ ತನ್ನ ಮುಖ ಮುಚ್ಚಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟ. ಗರಡಿಯಲ್ಲಿ ತನ್ನ ದುಪ್ಪಟ್ಟು ತೂಕದವರನ್ನು ಎತ್ತಿ ಒಗೆಯುತ್ತಿದ್ದ ಹುಡುಗ ಅಷ್ಟು ಜೋರಾಗಿ ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನೇ ನನ್ನ ಕೆನ್ನೆಗೆ ಹೊಡೆದುಕೊಂಡು ನೋಡಿದೆ. ತನ್ನ ಕೈ ತನಗೆ ಸರಿಯಾಗಿ ಬೀಳುವುದಿಲ್ಲ. ನೀರಿನಲ್ಲಿ ನೋಡಿದರೆ ಬರೀ ಅತ್ತ ಮುಖ ಕಾಣುತ್ತಿತ್ತು.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಒಂದು ಉಬ್ಬುತ್ತಿತ್ತು. ಅಣ್ಣ ಒದ್ದೆ ಅಂಗಿಯಲ್ಲೇ ಬಾಗಿಲಲ್ಲಿ ನಿಂತ. ನಾನು ಬಿಕ್ಕುತ್ತ ಎಲ್ಲ ಹೇಳಿದೆ. ಅವಳು ಎದ್ದು ಬಂದು ಅಣ್ಣನನ್ನು ತಿರುಗಿಸಿ ಬೆನ್ನು ನೋಡಿದಳು, ಅಂಗಿ ಕೆಳಗೆ ಬಿಟ್ಟಳು. "ಒಳಗ ಹೋಗಿ ಬ್ಯಾರೆ ಅಂಗಿ ಹಾಕ್ಕೋ. ಕರೇದ ಹಾಕ್ಕೋ," ಅಂದಳು. ಆಮೇಲೆ ನನ್ನ ಗದ್ದ ಹಿಡಿದು ಬೆಳಕಿಂಡಿಯ ಕಡೆ ತಿರುಗಿಸಿದಳು.

"ಏನೂ ಮೂಡಿಲ್ಲಲ್ಲ."

ಹೊರಗೆ ಓಣಿಯ ತುದಿಯಲ್ಲಿ ನಮ್ಮ ಎತ್ತಿನ ಗೆಜ್ಜೆಸರದ ಸದ್ದು ಕೇಳಿಸಿತು. ಅಪ್ಪ ಹೊಲದಿಂದ ಬರುತ್ತಿದ್ದ.

ಅವ್ವ ಬಲಗೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಬೆರಳ ಸಂದಿಯಲ್ಲಿದ್ದದ್ದನ್ನೂ ಬಿಡದೆ ಒರೆಸಿದಳು. ಬಳೆಗಳನ್ನು ಮೇಲಕ್ಕೆ ಸರಿಸಿದಳು.

"ಹಲ್ಲ ಕಚ್ಚಿ ಹಿಡಿ," ಅಂದಳು.

ನನಗೆ ಅರ್ಥವಾಗುವ ಮೊದಲೇ ಬಿತ್ತು. ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಕೈ ಅದು. ಕಿವಿಯಲ್ಲಿ ಗುಂಯ್ ಎಂದಿತು, ಗೋಡೆ ಹಿಡಿದುಕೊಂಡೆ. ಅವಳು ಮತ್ತೆ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಸಾಲಲಿಲ್ಲ ಅನಿಸಿರಬೇಕು. ಅದೇ ಜಾಗಕ್ಕೆ ಇನ್ನೊಂದು ಹೊಡೆದಳು. ಆಮೇಲೆ ಹೋಗಿ ಒಲೆಯ ಮುಂದೆ ಕೂತು, ಹಂಚಿನ ಮೇಲೆ ಸೀದು ಹೋಗಿದ್ದ ರೊಟ್ಟಿ ತೆಗೆದು ಬದಿಗಿಟ್ಟು, ಹೊಸ ಹಿಟ್ಟಿನುಂಡೆ ತೆಗೆದುಕೊಂಡಳು.

ಅಪ್ಪ ಕಾಲು ತೊಳೆದು ಒಳಗೆ ಬಂದ. "ಇಲ್ಲಿ ಬಾ." ನನ್ನ ಮುಖ ಎತ್ತಿ ನೋಡಿದ. ಪೈಲ್ವಾನನ ಬೆರಳಿಗೂ ಹೆಂಗಸಿನ ಬೆರಳಿಗೂ ವ್ಯತ್ಯಾಸ ಇರುವುದಿಲ್ಲವೇ? ಸಣ್ಣ, ಉದ್ದ ಬೆರಳು ನನ್ನ ಕೆನ್ನೆಯ ಮೇಲೆ ಸಾಲಾಗಿ ಎದ್ದಿದ್ದವು. ಆದರೆ ಅಪ್ಪನಿಗೆ ಏನೂ ತಿಳಿಯಲಿಲ್ಲ. ಅವನು ಎಂದಾದರೂ ಅವ್ವನ ಕೈ ನೋಡಿದ್ದರೆ ತಾನೇ.

"ಎಲ್ಲಾರ ಮುಂದ ಹೊಡದೇನಲೇ?" ಎಂದು ಅಣ್ಣನನ್ನು ಕೇಳಿದ.

"ಹ್ಞೂಂ. ಎಲ್ಲಾರ ಮುಂದ," ಅಂದ ಅಣ್ಣ. ಕಪ್ಪು ಅಂಗಿ ಹಾಕಿಕೊಂಡು ಗೋಡೆಗೆ ಬೆನ್ನು ತಾಗಿಸದೆ ನಿಂತಿದ್ದ.

"ಗಂಡಸ ಮಗ." ಅಪ್ಪ ಊಟಕ್ಕೆ ಕೂತು ನನಗೆ ಅಂದ. "ಸೂಟಿ ಮುಗದ ಮ್ಯಾಲ ಸಾಲಿಗಿ ಹೋಗ ನೀ. ಅಕ್ಕಗ ಈಗ ಆಗಂಗಿಲ್ಲಂತ ಹೇಳಿ ಕಳಸ್ತೇನಿ." ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡ. ಅವ್ವ ಬಡಿಸಿದಳು.

ಸೂಟಿ ಮುಗಿದ ಮೇಲೆ ನಾನು ಶಾಲೆಗೆ ಹೋದೆ. ಅಣ್ಣ ಬರಲಿಲ್ಲ. ಅಂದು ಮುಂಜಾನೆ ಪಾಟಿಚೀಲ ನನ್ನ ಕೈಗೆ ಕೊಟ್ಟು, "ಉತ್ತರ ಬಂದ್ರ ಹೊಡೀಬೇಕು, ಬರಲಿಲ್ಲಂದ್ರ ಹೊಡಿಸ್ಕೋಬೇಕು. ನಾ ಎರಡೂ ಒಲ್ಲೆ," ಅಂದ. ಹೊಲಕ್ಕೆ ಒಂದು ಆಳಾಯಿತೆಂದು ಅಪ್ಪ ಬೇಡ ಅನ್ನಲಿಲ್ಲ. ಕ್ಲಾಸಿನ ಹುಡುಗರು ಊರಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ಗೌಡರ ಮಗನೂ. ಛಡಿ ಸರ್ ಹಾಜರಿ ಕರೆಯುವಾಗ ಅವನ ಹೆಸರಿಗೆ ತುಸು ನಿಂತು ಮುಂದೆ ಹೋದರು. ಮುಂದಿನ ಶನಿವಾರ ಹೊಸ ಛಡಿ ಬಂತು, ಹೊಸ ಇಡಿಯಮ್ಮುಗಳು ಬಂದವು. ನಾನು ಕಲಿತೆ.

ಆ ಕಲಿಕೆಯಿಂದಲೇ ಅನ್ನ ತಿನ್ನುತ್ತಿದ್ದೇನೆ. ಈಗ ಸವದತ್ತಿಯ ಕಡೆ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳ ಮೈ ಮುಟ್ಟುವ ಹಾಗಿಲ್ಲ, ಅದು ಒಳ್ಳೆಯದೇ ಆಯಿತು. ನಮ್ಮ ಕ್ಲಾಸಿನವರದು ಫೋನಿನಲ್ಲಿ ಒಂದು ಗುಂಪಿದೆ. ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು, ಆ ಕಾಲದ ಮಾಸ್ತರರ ಹೊಡೆತದಿಂದಲೇ ನಾವು ಮನುಷ್ಯರಾದೆವು ಎಂದು ಹಾಕುತ್ತಾರೆ, ಉಳಿದವರು ಕೈ ಮುಗಿಯುವ ಚಿತ್ರ ಹಾಕುತ್ತಾರೆ. ನನಗೆ ಮೈ ಉರಿಯುತ್ತದೆ. ಆ ಗುಂಪಿನಲ್ಲಿ ನಮ್ಮಣ್ಣ ಇಲ್ಲ. ಅವನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಚೆನ್ನಾಗಿಯೇ ಇದ್ದಾನೆ, ಮಕ್ಕಳ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಊರಿನ ಪ್ರತಿಯೊಬ್ಬನಿಗೂ ಒಂದೊಂದು ಇಡಿಯಮ್ಮು ಹುಡುಕಿ ಕೊಟ್ಟವನು ಅವನು, ನನ್ನ ಮೂವತ್ತು ಜನ ವಿದ್ಯಾರ್ಥಿಗಳಲ್ಲಿ ಅಂಥ ತಲೆ ಒಂದೂ ಇಲ್ಲ. ಹೋದ ವರ್ಷ ಮಾತಿಗೆ ಮಾತು ಬಂದು, ಏನಾದರೂ ನೆನಪಿದೆಯೇ ಎಂದು ಕೇಳಿದೆ. "ಅದೆಲ್ಲಾ ಎಲ್ಲಿ ಉಳೀತೈತಿ, ಬಿಡ್ರಿ ಟೀಚರ," ಅಂದ. ನನಗೆ ಅವನು 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ತಮಾಷೆಗೆ ಅಂದನೋ, ನಿಜಕ್ಕೋ, ನಾನು ಕೇಳಲಿಲ್ಲ.

ಅವ್ವ ತೀರಿಕೊಂಡು ಕೆಲವು ವರ್ಷವಾಯಿತು. ಅಂದಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಕೈ ನನ್ನನ್ನು ಎತ್ತಿ ಆಡಿಸಿರಬೇಕು, ಎರೆದಿರಬೇಕು, ಜಡೆ ಹಾಕಿರಬೇಕು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿರಬೇಕು. ಇವೆಲ್ಲ ಆಗಿವೆ ಎಂದು ನನಗೆ ಗೊತ್ತು, ಯಾವ ತಾಯಿ ಮಾಡುವುದಿಲ್ಲ? ಆದರೆ ಅದರಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ಕೂತಿದ್ದೇನೆ. ಅವ್ವನ ಕೈ ಅಂದರೆ ನನ್ನ ಮೈಗೆ ನೆನಪಾಗುವುದು ಆ ಎರಡು ಏಟು, ಅಷ್ಟೇ.